ತಳಿ ಸಂರಕ್ಷಣೆಯ ಪಾಠ ಸಾಮಗ್ರಿ ತಯಾರಿಸುವ ಬಗೆ: ವಿಜಯಪುರ ಸೀಮೆಯ ಇಂಟರ್ನ್‌ಶಿಪ್ ವಿದ್ಯಾರ್ಥಿಗಳಿಗೆ

ಬೆಳೆ ತಳಿಗಳ ಸಂರಕ್ಷಣೆಯ ಬಗ್ಗೆ ಶಾಲೆಗಳಿಗೋ ರೈತ ಸಂಘಗಳಿಗೋ ಪಾಠ ಸಾಮಗ್ರಿ ಸಿದ್ಧಪಡಿಸುವ ಇಂಟರ್ನ್‌ಶಿಪ್ ದೊರೆತ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ವಾರವನ್ನು ಕಂಪ್ಯೂಟರ್ ಮುಂದೆ ಚಿತ್ರ ಹುಡುಕುವುದರಲ್ಲಿ ಕಳೆಯುತ್ತಾರೆ. ಆ ವಾರವನ್ನು ಹಳ್ಳಿಯಲ್ಲಿ ಕಳೆಯಿರಿ. ಒಂದೇ ಬೆಳೆಯನ್ನು ಆರಿಸಿಕೊಳ್ಳಿ. ಹತ್ತು ಬೆಳೆಗಳ ಹೆಸರು ತುಂಬಿದ ಚಾರ್ಟನ್ನು ಯಾರೂ ಓದುವುದಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಇರುವವರು ಹುಗ್ಗಿಗೆ ಹೆಸರಾದ ಜವೆಗೋಧಿಯನ್ನು ಹಿಡಿಯಬಹುದು. ವಿಜಯಪುರ ಜಿಲ್ಲೆಯಲ್ಲಿ ಇರುವವರಿಗೆ ಹಿಂಗಾರಿ ಜೋಳಕ್ಕಿಂತ ಒಳ್ಳೆಯ ವಿಷಯ ಇನ್ನೊಂದಿಲ್ಲ.

ಜೋಳವೆಂದರೆ ಇಲ್ಲಿನ ಮನೆಗಳಲ್ಲಿ ಒಂದೇ ಜೋಳವಲ್ಲ. ರೊಟ್ಟಿಗೆ ಮಾಲದಂಡಿ, ಹಾಲುಗಾಳಿನ ಸೀತನಿಗೆ (ಎಳೆಯ ತೆನೆ ಸುಟ್ಟು ಉದುರಿಸಿದ ಕಾಳು) ಸಕ್ಕರಿ ಮುಕ್ಕರಿ, ನಾಗರಪಂಚಮಿಯ ಅಳ್ಳಿಗೆ (ಹುರಿದು ಅರಳಿಸಿದ ಕಾಳು) ಅಳ್ಳಿನ ಜೋಳ. ಒಂದೊಂದು ತಳಿಯನ್ನು ಉಳಿಸಿದ್ದು ಒಂದೊಂದು ಬಳಕೆ. ಸೀತನಿ ಸುಡುವುದನ್ನು ಬಿಟ್ಟ ಊರಿನಲ್ಲಿ ಆ ಬೀಜವನ್ನು ಪ್ರತಿವರ್ಷ ತೆಗೆದಿಡುವವರೂ ಇರುವುದಿಲ್ಲ. ನಿಮ್ಮ ಪಾಠ ಇಲ್ಲಿಂದಲೇ ಆರಂಭವಾಗಲಿ. ಇದರ ಮುಂದಿನ ಪುಟದಲ್ಲಿ ಮಾಲದಂಡಿಯ ಚರಿತ್ರೆ ಬರಬೇಕು. ಇಂದು ಎಂ 35-1 ಎಂದು ಕರೆಯುವ ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ, ರೈತರು ಬಿತ್ತುತ್ತಿದ್ದ ನಾಡ ಮಾಲದಂಡಿಯಿಂದಲೇ ಆಯ್ದು ತೆಗೆದದ್ದು, ಮತ್ತು ಅದು ಇಂದಿಗೂ ನಮ್ಮ ಎರೆಹೊಲಗಳಲ್ಲಿ ನಿಂತಿದೆ. ಸಂಶೋಧನಾ ಕೇಂದ್ರದ ತಳಿಯ ಹಿಂದೆ ರೈತನ ಬೀಜ ಇರುತ್ತದೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಬೀಜ ತರಲು ಹೋಗುವಾಗ ಒಂದು ಮಾಹಿತಿ ಹಾಳೆ ಜೊತೆಯಲ್ಲಿರಲಿ. ತಳಿಯ ಸ್ಥಳೀಯ ಹೆಸರು, ಊರು, ತಾಲ್ಲೂಕು, ದಿನಾಂಕ, ಮಣ್ಣಿನ ಬಗೆ, ಬೀಜ ಎಷ್ಟು ವರ್ಷಗಳಿಂದ ಆ ಮನೆಯಲ್ಲಿದೆ, ಯಾರಿಂದ ಬಂದದ್ದು, ಯಾವ ಅಡುಗೆಗೆ ಬೇಕು, ಇವಿಷ್ಟನ್ನು ಅಲ್ಲಿಯೇ ಕುಳಿತು ಬರೆಯಿರಿ. ಹೆಸರನ್ನು ಅವರು ಉಚ್ಚರಿಸಿದಂತೆಯೇ ಬರೆಯಿರಿ, ತಿದ್ದಬೇಡಿ. ಜೋಳದಲ್ಲಿ ಸ್ವಲ್ಪ ಮಟ್ಟಿಗೆ ಪರಕೀಯ ಪರಾಗಸ್ಪರ್ಶವೂ (ಬೇರೆ ಗಿಡದ ಪರಾಗ ಬಂದು ಸೇರುವುದು) ನಡೆಯುವುದರಿಂದ ಒಂದೇ ದೊಡ್ಡ ತೆನೆಯ ಕಾಳು ಇಡೀ ತಳಿಯನ್ನು ಪ್ರತಿನಿಧಿಸುವುದಿಲ್ಲ; ಸಾಧ್ಯವಾದಷ್ಟು ಹೊಲದ ಬೇರೆ ಬೇರೆ ಕಡೆಯ ಐವತ್ತು ಗಿಡಗಳಿಂದ ಸ್ವಲ್ಪ ಸ್ವಲ್ಪ ಕಾಳು ಕೇಳಿ ಪಡೆಯಿರಿ. ಬೀಜ ತೆಗೆದಿಡುವುದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳಾದ್ದರಿಂದ, ಯಜಮಾನರ ಜೊತೆ ಕಟ್ಟೆಯ ಮೇಲೆ ಮಾತಾಡಿ ಎದ್ದುಬಂದರೆ ಅರ್ಧ ಹಾಳೆ ಖಾಲಿಯೇ ಉಳಿಯುತ್ತದೆ.

ಭಾಷೆಯ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ನಾನು ಬರೆದ ಮೊದಲ ಚಾರ್ಟಿನ ತಲೆಬರಹ ‘ಸಸ್ಯ ಆನುವಂಶಿಕ ಸಂಪನ್ಮೂಲಗಳ ಸವಕಳಿ’ ಎಂದಿತ್ತು. ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ಅದನ್ನು ಮೊಮ್ಮಗಳಿಂದ ಓದಿಸಿ, ನನ್ನಿಂದ ಅರ್ಥ ಕೇಳಿಸಿಕೊಂಡು, “ಹಂಗಂದ್ರ ಬೀಜಾ ಹೋದ್ವು ಅಂತ ಬರಿಯಲ್ಲೋ ತಮ್ಮಾ” ಎಂದರು. ಪಾರಿಭಾಷಿಕ ಪದ ಶಿಕ್ಷಕರ ಕೈಪಿಡಿಯಲ್ಲಿರಲಿ. ಗೋಡೆಗೆ ಅಂಟಿಸುವ ಹಾಳೆಯಲ್ಲಿ ಅಜ್ಜಿಯ ಮಾತೇ ಸಾಕು.

ಓದಿಸುವ ಪುಟ ಎಷ್ಟೇ ಚೆನ್ನಾಗಿದ್ದರೂ ಮಾಡಿ ನೋಡುವ ಚಟುವಟಿಕೆ ಒಂದಾದರೂ ಬೇಕು. ನನ್ನ ಅನುಭವದಲ್ಲಿ ಅಳ್ಳು ಹುರಿಯುವುದು ಎಂದೂ ಕೈಕೊಟ್ಟಿಲ್ಲ. ಮಾಲದಂಡಿಯ ನೂರು ಕಾಳು, ಅಳ್ಳಿನ ಜೋಳದ ನೂರು ಕಾಳು ಎಣಿಸಿ, ಎರಡಕ್ಕೂ ಸಮನಾಗಿ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿಟ್ಟು, ಮರುದಿನ ಚೆನ್ನಾಗಿ ಕಾದ ಹಂಚಿನಲ್ಲಿ ಬೇರೆ ಬೇರೆಯಾಗಿ ಹುರಿದು, ಅರಳಿದವನ್ನೂ ಹಾಗೇ ಉಳಿದ ಗಡ್ಡೆಗಾಳನ್ನೂ ಮಕ್ಕಳೇ ಎಣಿಸಲಿ. ಅಳ್ಳಿನ ಜೋಳದ ತಿರುಳು ಗಾಜಿನಂತೆ ಗಟ್ಟಿಯಾಗಿರುವುದರಿಂದ ಒಳಗಿನ ತೇವ ಆವಿಯಾಗಿ ಒತ್ತಡ ಏರುವವರೆಗೂ ಕಾಳು ತಡೆದು, ಒಮ್ಮೆಲೇ ಸಿಡಿಯುತ್ತದೆ. ಕಾಳನ್ನು ಅಡ್ಡಲಾಗಿ ಕತ್ತರಿಸಿ ಭೂತಗನ್ನಡಿಯಲ್ಲಿ ತೋರಿಸಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಲೆಯ ಹತ್ತಿರ ಶಿಕ್ಷಕರೊಬ್ಬರು ನಿಂತಿರಬೇಕು ಎಂಬ ಸೂಚನೆಯನ್ನು ಹಾಳೆಯ ಮೇಲ್ತುದಿಯಲ್ಲೇ ಮುದ್ರಿಸಿ.

ಮೊಳಕೆ ಪರೀಕ್ಷೆ ಎಲ್ಲರಿಗೂ ಗೊತ್ತಿರುವಂಥದ್ದು. ಒದ್ದೆ ಗೋಣಿತಟ್ಟಿನಲ್ಲಿ ನೂರು ಕಾಳು ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ, ನಾಲ್ಕನೆಯ ದಿನ ಒಮ್ಮೆ, ಹತ್ತನೆಯ ದಿನ ಇನ್ನೊಮ್ಮೆ ಎಣಿಸಬೇಕು. ಪ್ರಮಾಣಿತ ಜೋಳದ ಬೀಜಕ್ಕೆ ಕನಿಷ್ಠ 75 ಮೊಳಕೆ ಇರಬೇಕೆಂಬ ಅಳತೆಯನ್ನು ಪಕ್ಕದಲ್ಲಿ ಕೊಡಿ.

ಶೇಖರಣೆಯ ಪುಟದಲ್ಲಿ ದಿಲ್ಲಿಯ ಜೀನ್ ಬ್ಯಾಂಕನ್ನೂ (ತಳಿಗಳ ಬೀಜ ಕಾಪಿಡುವ ಸಂಗ್ರಹಾಲಯ) ಮನೆಯ ಗಡಿಗೆಯನ್ನೂ ಅಕ್ಕಪಕ್ಕ ಇಡಿ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದ ಜೀನ್ ಬ್ಯಾಂಕಿನಲ್ಲಿ ಒಣಗಿಸಿದ ಬೀಜಗಳನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡುತ್ತಾರೆ. ನಮ್ಮಲ್ಲಿ ಚೆನ್ನಾಗಿ ಒಣಗಿದ ಕಾಳಿಗೆ ಬೂದಿಯನ್ನೋ ಬೇವಿನ ಎಲೆಯನ್ನೋ ಬೆರೆಸಿ ಗಡಿಗೆಯ ಬಾಯಿ ಕಟ್ಟುತ್ತಾರೆ. ಕಾಳಿನ ತೇವಾಂಶ ಶೇಕಡಾ ಒಂದು ಇಳಿದಂತೆಲ್ಲ ಬೀಜದ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮ ಎರಡೂ ಕಡೆ ಒಂದೇ. ಇಷ್ಟಾದರೂ ಜೀನ್ ಬ್ಯಾಂಕಿನ ಬೀಜಕ್ಕೆ ಹೊಲದ ಬರ, ಕೀಟಗಳ ಪರಿಚಯ ಆಗುವುದಿಲ್ಲ. ವರ್ಷವರ್ಷ ಬಿತ್ತುವ ಬೀಜ ಅವುಗಳ ಜೊತೆಗೇ ಬದಲಾಗುತ್ತ ಬರುತ್ತದೆ. ಎರಡೂ ಬೇಕೆನ್ನುವುದಕ್ಕೆ ಇದೇ ಕಾರಣವೆಂದು ಬರೆಯಿರಿ.

ಕಾನೂನಿಗೆ ಅರ್ಧ ಪುಟ ಸಾಕು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತರು ತಮ್ಮ ಬೀಜವನ್ನು ಉಳಿಸಬಹುದು, ಮರುಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೆ. ಫೋಟೋ, ಹೆಸರು, ಅಡುಗೆಯ ವಿವರ ಮುದ್ರಿಸುವ ಮುಂಚೆ ಮನೆಯವರ ಒಪ್ಪಿಗೆ ಪಡೆಯಿರಿ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಒಂದು ಪ್ರತಿ ಕೊಡಿ. ಊರಿನ ಸಸ್ಯ, ಪ್ರಾಣಿ, ತಳಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಗೆ ಅದು ನೆರವಾಗುತ್ತದೆ.

ಮುದ್ರಣಕ್ಕೆ ಕೊಡುವ ಮುನ್ನ ಕರಡನ್ನು ಏಳನೆಯ ತರಗತಿಯ ನಾಲ್ಕು ಮಕ್ಕಳ ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ, ವಿವರಿಸಬೇಡಿ. ಅವರು ತಡವರಿಸಿದ ಸಾಲುಗಳನ್ನೆಲ್ಲ ತಿದ್ದಿ. ಹಿಂಗಾರಿ ಬಿತ್ತನೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಆಗುವುದರಿಂದ ಪುಸ್ತಿಕೆ ಆಗಸ್ಟ್ ಮುಗಿಯುವುದರೊಳಗೆ ಶಾಲೆ ಸೇರಬೇಕು. ಚಟುವಟಿಕೆಗೆ ಬಳಸಿ ಉಳಿದ ಕಾಳನ್ನು ತಂದ ಮನೆಗೇ, ಹೆಸರಿನ ಚೀಟಿ ಅಂಟಿಸಿ, ಪುಸ್ತಿಕೆಯ ಜೊತೆ ಮರಳಿಸಿ ಬನ್ನಿ.