ನಾಳೆ ನಾಳೆ ಎಂದು ಮುಂದೂಡುವ ಕೆಲಸಕ್ಕೆ ಇವತ್ತೇ ಕೈ ಹಾಕುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರ ರೂಮಿಗೆ ಹೋಗಿ ನೋಡಿ. ಪುಸ್ತಕ, ನೋಟ್ಸ್ ಎಲ್ಲಾ ಇರುತ್ತವೆ. ಗೋಡೆ ಮೇಲೆ ಟೈಮ್‌ಟೇಬಲ್ಲೂ ಇರುತ್ತದೆ. ಆದರೂ ಕಷ್ಟದ ವಿಷಯ ಮಾತ್ರ ‘ನಾಳಿಂದ ನೋಡೋಣ’ ಎಂದು ಹಾಗೇ ಉಳಿದಿರುತ್ತದೆ. ಅದಕ್ಕೆ ಸೋಮಾರಿ ಎಂದು ಬೈದು ಉಪಯೋಗವಿಲ್ಲ. ಅದೇ ಹುಡುಗ ಬೇರೆ ಕೆಲಸ ಚಕಚಕ ಮುಗಿಸುತ್ತಾನೆ, ಅಲ್ವಾ?

ಕೆಲಸ ನೆನೆದ ಕೂಡಲೇ ಅಂಜಿಕೆ, ಬೇಸರ, ಕೈಲಾಗದಿದ್ದರೆ ಹೇಗೆ ಎಂಬ ಅಳುಕು. ಮುಂದೂಡಿದರೆ ತಕ್ಷಣ ಹಾಯೆನಿಸುತ್ತದೆ. ಆ ನೆಮ್ಮದಿಗೇ ಮನಸ್ಸು ಒಗ್ಗಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯ್ ಮತ್ತು ತಿಮೋತಿ ಪಿಚಿಲ್ 2013ರ ಪ್ರಬಂಧದಲ್ಲಿ ಹೇಳಿದ್ದೂ ಇದನ್ನೇ.

ಮೊದಲು, ಕೆಲಸವನ್ನು ಕೈಗೆ ಸಿಗುವಷ್ಟು ಚಿಕ್ಕದು ಮಾಡಿ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಂಗಡಿ ಇಟ್ಟವರಿಗೆ ‘ಜಿಎಸ್‌ಟಿ ತುಂಬಬೇಕು’ ಎಂದರೆ ತಲೆನೋವು. ಹಾಗೆ ಬರೆದಿಡಬೇಡಿ. ‘ಗಲ್ಲಾದ ಕೆಳಗಿನ ಚೀಲದಿಂದ ಖರೀದಿ ಬಿಲ್ ತೆಗೆದು ತಾರೀಖಿನ ಪ್ರಕಾರ ಜೋಡಿಸು’ ಎಂದು ಬರೆಯಿರಿ. ಅಷ್ಟೇ ಮಾಡಿ. ಜೋಡಿಸುತ್ತಾ ಹೋದಂತೆ ಯಾವ ಬಿಲ್ ಇಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಯಾರಿಗೆ ಫೋನ್ ಮಾಡಬೇಕು ಎಂಬುದೂ ಗೊತ್ತಾಗುತ್ತದೆ. ತೆರಿಗೆ ಕಟ್ಟುವ ರಿಟರ್ನ್ (ಜಿಎಸ್‌ಟಿಆರ್-3ಬಿ) ಪ್ರತಿ ತಿಂಗಳು ಸಲ್ಲಿಸುವವರಿಗೆ ಮರುತಿಂಗಳ 20 ಕೊನೆಯ ದಿನ. 10ಕ್ಕೇ ಬಿಲ್ ಜೋಡಿಸಿದರೆ ಎದೆಬಡಿತ ಇರುವುದಿಲ್ಲ.

ಆಮೇಲೆ ಹೊತ್ತು, ಜಾಗ ಗೊತ್ತು ಮಾಡಿ. ‘ಸಂಜೆ ಓದ್ತೀನಿ’ ಸಾಲದು. ‘ಏಳಕ್ಕೆ ಚಹಾ ಆದಮೇಲೆ ಕಿಟಕಿ ಪಕ್ಕದ ಟೇಬಲ್ಲಿಗೆ ಕೂರ್ತೀನಿ’ ಎನ್ನಿ. ಪೀಟರ್ ಗಾಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹೀಗೆ ಗೊತ್ತು ಮಾಡಿಕೊಂಡವರು ಕೆಲಸ ಶುರು ಮಾಡುವುದು ಜಾಸ್ತಿ.

ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮಗುಚಿಟ್ಟರೆ ಸಾಲದು.

ಮೊದಲ ದಿನ ಹತ್ತೇ ನಿಮಿಷ ಕೂತರೂ ಸಾಕು. ರೂಢಿಯಾದ ಮೇಲೆ 25 ನಿಮಿಷ ಕೆಲಸ, 5 ನಿಮಿಷ ಬಿಡುವು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಶುರು ಮಾಡಿದ ಈ ಪದ್ಧತಿಯನ್ನು ಪೊಮೊಡೊರೊ ಎನ್ನುತ್ತಾರೆ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಉಪಾಯ ಒಂದಿದೆ. ಏಳುವ ಮುನ್ನ ಒಂದು ಚೀಟಿಯಲ್ಲಿ ‘ನಾಳೆ ಸಂವಿಧಾನದ 32ನೇ ವಿಧಿಯಿಂದ’ ಎಂದು ಬರೆದು ಪುಸ್ತಕದೊಳಗೆ ಇಡಿ. ಮರುದಿನ ಎಲ್ಲಿಂದ ಶುರು ಮಾಡಲಿ ಎಂಬ ಗೊಂದಲವೇ ಇರದು.

ಒಂದು ದಿನ ತಪ್ಪಿದರೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬೈದುಕೊಂಡರೆ ಅಂಜಿಕೆ ಇನ್ನೂ ಹೆಚ್ಚುತ್ತದೆ. ಆದರೆ ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ ಎಂದಾದರೆ ಅದು ಬೇರೆ ಮಾತು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.