ಒಣ ಮೆಣಸಿನಕಾಯಿಯಾಗ ಎಣ್ಣಿ (ಹೊಡೆದ ಕೀಟನಾಶಕ) ಅಂಶ ಹುಡುಕೋದು ಹೆಂಗ

ಸಿಂಧನೂರು, ಸಿರುಗುಪ್ಪ ಕಡೆ ಮೆಣಸಿನಗಿಡಕ್ಕ ಥ್ರಿಪ್ಸ್ (ರಸ ಹೀರೋ ಸಣ್ಣ ಹುಳ) ಬಿತ್ತಂದ್ರ ಪಂಪ್ ಹೆಗಲಿಂದ ಇಳಿಯಂಗಿಲ್ಲ, ಹೊಡೆದ ಎಣ್ಣಿ ಕಾಯಾಗ ಎಷ್ಟು ಉಳೀತು ಅನ್ನೋದು ಕಣ್ಣಿಗಂತೂ ಕಾಣಂಗಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದಾಗ ಇದಕ್ಕಂತಾನೇ ಲ್ಯಾಬ್ ಐತಿ. ಇಂಥ ಲ್ಯಾಬಿಗೆ ಹೊಸದಾಗಿ ಸೇರೋ ಹುಡುಗ್ರಿಗೆ, ಸ್ಯಾಂಪಲ್ ಕಳಿಸೋ ರೈತರಿಗೆ ಇಬ್ಬರಿಗೂ ಆಗ್ಲಿ ಅಂತ ಬರೀತಿದೀನಿ.

ಮೊದ್ಲು ಕೇಳ್ಬೇಕಾದ ಮಾತು, ಏನು ಹೊಡೆದೀರಿ? ಒಂದೇ ವಿಧಾನದಾಗ ಎಲ್ಲಾ ಔಷಧಿ ಸಿಗಂಗಿಲ್ರಿ. ಇಮಿಡಾಕ್ಲೋಪ್ರಿಡ್, ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್ ಇಂಥವೆಲ್ಲ ಕೆಚರ್ಸ್ (QuEChERS) ವಿಧಾನಕ್ಕ ಬರ್ತಾವು, ಅಂದ್ರ ಅಸಿಟೋನೈಟ್ರೈಲ್ ಅನ್ನೋ ಸಾಲ್ವೆಂಟಿನಾಗ (ಕರಗಿಸೋ ದ್ರವ) ಔಷಧಿ ಅಂಶ ಎಳೆದು ತೆಗೆಯೋದು, ಇದು 2003ರಾಗ ಬಂದಿದ್ದು, ಈಗ ಭಾಳ ಕಡೆ ಇದೇ ನಡೀತೈತಿ. ಆದ್ರ ಕಳೆನಾಶಕ ಗ್ಲೈಫೋಸೇಟ್ ನೀರು ಬಿಟ್ಟು ಅಸಿಟೋನೈಟ್ರೈಲಿಗೆ ಬರಂಗಿಲ್ಲ, ಅದಕ್ಕ ಆಸಿಡ್ ಹಾಕಿದ ಮೆಥನಾಲ್‌ದಾಗ ಬೇರೆ ತೆಗೀಬೇಕು. ಶಿಲೀಂಧ್ರನಾಶಕ ಮ್ಯಾಂಕೋಜೆಬ್‌ಗಂತೂ ಇನ್ನೊಂದು ದಾರಿ, ಸ್ಟ್ಯಾನಸ್ ಕ್ಲೋರೈಡ್ ಮತ್ತ ಆಸಿಡ್ ಜೊತಿ ಕಾಸಿ ಹೊರಗ ಬರೋ ಕಾರ್ಬನ್ ಡೈಸಲ್ಫೈಡ್ ಅಳೀತಾರ. ಅದಕ್ಕ ಚೀಟಿ ಮ್ಯಾಲೆ ಔಷಧಿ ಹೆಸರು ಬರೀರಿ, ಡಬ್ಬಿ ಫೋಟೋ ಆದ್ರೂ ತರ್ರಿ.

ಸ್ಯಾಂಪಲ್ ಒಂದೇ ಚೀಲದ ಮ್ಯಾಲಿಂದ ತೆಗೀಬ್ಯಾಡ್ರಿ, ಹತ್ತಾರು ಚೀಲದ ನಡುವಿಂದ, ತಳದಿಂದ ತೆಗೆದು ಕಲಿಸಿ ಒಂದು ಕೆಜಿ ಮಾಡ್ರಿ, ಹೊಸ ಪ್ಲಾಸ್ಟಿಕ್ ಕವರಿನಾಗ ಹಾಕ್ರಿ. ಒಬ್ಬ ಕಾಕಾ ಎಣ್ಣಿ ಡಬ್ಬಿ ತಂದ ಚೀಲದಾಗೇ ಕಾಯಿ ತಂದಿದ್ರು, ಅಷ್ಟು ದೂರದಿಂದ ಬಂದೋರನ್ನ ವಾಪಸ್ ಕಳಿಸೋಕೆ ನಂಗ ಭಾಳ ಸಂಕಟ ಆತು. ಲ್ಯಾಬಿನಾಗ ಪುಡಿ ಮಾಡುವಾಗ ಮಿಕ್ಸಿ ಬಿಸಿ ಆಗಬಾರದು, ಡ್ರೈ ಐಸ್ ಇದ್ರ ಅದರ ಜೊತಿ ರುಬ್ಬಿ.

ಈಗ ಕೆಲಸಕ್ಕ ಬರೋಣು, ಗ್ಲೌಸ್ ಹಾಕ್ಕೊಂಡು ಫ್ಯೂಮ್ ಹುಡ್ (ವಿಷದ ಹೊಗಿ ಹೊರಗ ಎಳೆಯೋ ಕಪಾಟು) ಒಳಗ. 50 ಎಂಎಲ್ ಟ್ಯೂಬಿಗೆ 2 ಗ್ರಾಂ ಪುಡಿ, 10 ಎಂಎಲ್ ತಣ್ಣನ ನೀರು, ಅರ್ಧ ತಾಸು ನೆನೀಲಿ, ಒಣ ಪುಡಿಗೆ ನೇರ ಸಾಲ್ವೆಂಟ್ ಹಾಕಿದ್ರ ಒಳಗಿನ ಅಂಶ ಸರಿಯಾಗಿ ಬಿಡಂಗಿಲ್ಲ. ಆಮ್ಯಾಲೆ 10 ಎಂಎಲ್ ಅಸಿಟೋನೈಟ್ರೈಲ್ ಹಾಕಿ ಜೋರಾಗಿ ಕುಲುಕ್ರಿ, 4 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ 1 ಗ್ರಾಂ ಉಪ್ಪು ಹಾಕಿದ ಕೂಡಲೇ ಮತ್ತ ಒಂದು ನಿಮಿಷ ಕುಲುಕ್ರಿ, ತಡ ಮಾಡಿದ್ರ ಗಡ್ಡಿ ಕಟ್ಟತೈತಿ, ಟ್ಯೂಬೂ ಬಿಸಿ ಆಗ್ತೈತಿ. ಸೆಂಟ್ರಿಫ್ಯೂಜ್ ಮಾಡಿದ್ರ (ಜೋರಾಗಿ ತಿರುಗಿಸಿ ಪದರ ಬೇರೆ ಮಾಡಿದ್ರ) ಮ್ಯಾಲಿನ ಕೆಂಪು ಪದರ ನಮಗ ಬೇಕಾದ್ದು.

ಆ ಕೆಂಪೇ ತ್ರಾಸು. ಬಣ್ಣ, ಖಾರ, ಕಾಯಿಯ ಜಿಡ್ಡು ಎಲ್ಲಾ ಅದರಾಗೇ ಇರ್ತಾವು, ಹಂಗೇ ಮಷೀನಿಗೆ ಕೊಟ್ರ ಸಿಗ್ನಲ್ ಕುಸೀತೈತಿ. 1 ಎಂಎಲ್‌ಗೆ 150 ಮಿಲಿಗ್ರಾಂ ಮೆಗ್ನೀಷಿಯಂ ಸಲ್ಫೇಟ್, 50 ಮಿಲಿಗ್ರಾಂ ಪಿಎಸ್‌ಎ (ಆಸಿಡ್ ಅಂಶ ಹಿಡ್ಕೊಳ್ಳೋ ಪುಡಿ), ಜಿಡ್ಡಿಗೆ ಸಿ18 ಅನ್ನೋ ಪುಡಿ, ಬಣ್ಣಕ್ಕ ಸ್ವಲ್ಪ ಕಾರ್ಬನ್ ಪುಡಿ ಹಾಕಿ ಸ್ವಚ್ಛ ಮಾಡ್ರಿ. ಕಾರ್ಬನ್ ಜಾಸ್ತಿ ಹಾಕಿ ನೀರಿನಂಗ ತಿಳಿ ಮಾಡೋ ಆಸೆ ಬ್ಯಾಡ, ಕ್ಲೋರೋಥಲೋನಿಲ್ ಅಂಥ ಔಷಧಿನೂ ಅದಕ್ಕ ಹತ್ಕೊಂಡು ಹೋಗ್ತೈತಿ. 2,4-ಡಿ (ಆಸಿಡ್ ಗುಣದ ಕಳೆನಾಶಕ) ಹುಡುಕೋದಿದ್ರ ಪಿಎಸ್‌ಎ ಹಾಕಲೇಬ್ಯಾಡ್ರಿ. ನಾ ಒಮ್ಮೆ ಗದ್ದಿ ಭತ್ತದ ಸ್ಯಾಂಪಲ್‌ಗೆ ಮರೆತು ಹಾಕಿ ಏನೂ ಇಲ್ಲ ಅಂತ ಬರೆಯೋನಿದ್ದೆ, ಗೊತ್ತಿದ್ದ ಪ್ರಮಾಣ ನಾನೇ ಬೆರೆಸಿ ಇಟ್ಟಿದ್ದ ಟ್ಯೂಬಿನಾಗೂ ಸೊನ್ನಿ ಬಂದಾಗ ತಪ್ಪು ಗೊತ್ತಾತು. ಅದಕ್ಕ ಪ್ರತಿ ಬ್ಯಾಚಿಗೂ ಹಂಗೊಂದು ಬೆರೆಸಿದ ಟ್ಯೂಬ್ ಇಡ್ರಿ, ಹಾಕಿದ್ದರಾಗ 70ರಿಂದ 120 ಪರ್ಸೆಂಟ್ ವಾಪಸ್ ಸಿಗ್ಬೇಕು. ಎಣ್ಣಿ ಹೊಡೀಲಾರದ ಮೆಣಸಿನಕಾಯಿ ಒಂದಿಷ್ಟು ಜೋಪಾನ ಮಾಡಿ ಇಟ್ಕೊಳ್ರಿ, ಸ್ಟ್ಯಾಂಡರ್ಡನ್ನೂ (ಹೋಲಿಸಿ ಅಳೆಯೋಕೆ ಗೊತ್ತಿದ್ದ ಪ್ರಮಾಣದ ಔಷಧಿ) ಅದರಿಂದ ಹಿಂಗೇ ತೆಗೆದ ರಸದಾಗೇ ಮಾಡ್ಬೇಕು.

ಇನ್ನ ಅಳೆಯೋ ಮಷೀನು: ಆವಿ ಆಗೋ ಔಷಧಿ ಜಿಸಿ-ಎಂಎಸ್‌ಎಂಎಸ್‌ಗೆ (ಆವಿ ರೂಪದಾಗ ಬೇರೆ ಮಾಡಿ ಗುರುತಿಸೋದು), ಉಳಿದವು ಎಲ್‌ಸಿ-ಎಂಎಸ್‌ಎಂಎಸ್‌ಗೆ (ದ್ರವ ರೂಪದಾಗ ಬೇರೆ ಮಾಡಿ ಗುರುತಿಸೋದು). ಹೊಸಬರು ಎಡವೋದು ಲೆಕ್ಕದಾಗ: ಮಷೀನು ಒಂದು ಎಂಎಲ್‌ಗೆ 0.01 ಮೈಕ್ರೋಗ್ರಾಂ ತೋರಿಸಿದ್ರ ಅದು ರಸದ ಲೆಕ್ಕ, 10 ಎಂಎಲ್‌ಗೆ 0.1, ಅದನ್ನ 2 ಗ್ರಾಂನಿಂದ ಭಾಗಿಸಿದ್ರ ಕೆಜಿಗೆ 0.05 ಮಿಲಿಗ್ರಾಂ. ಯುರೋಪಿನಾಗ ಬೇರೆ ಮಿತಿ ಹೇಳದ ಔಷಧಿಗೆ ಕೆಜಿಗೆ 0.01 ಮಿಲಿಗ್ರಾಂ ಅಷ್ಟೇ, ಅಂದ್ರ ಇಷ್ಟು ಸಣ್ಣ ನಂಬರ್ ಮ್ಯಾಲೆ ಒಬ್ಬರ ವರ್ಷದ ದುಡಿಮೆ ನಿಂತಿರ್ತೈತಿ, ಎರಡೆರಡು ಸಲ ಲೆಕ್ಕ ಹಾಕ್ರಿ.

ರಿಪೋರ್ಟಿನಾಗ ಬರೀ "ಪತ್ತೆಯಾಗಿಲ್ಲ" ಅಂತ ಬರೆದು ಬಿಡಬ್ಯಾಡ್ರಿ. ಯಾವ್ಯಾವ ಔಷಧಿ ಹುಡುಕೀವಿ, ಎಷ್ಟರ ಮಟ್ಟದ ತನಕ ನೋಡೀವಿ ಅನ್ನೋದು ಪಕ್ಕದಾಗೇ ಇರ್ಬೇಕು, ಗ್ಲೈಫೋಸೇಟ್ ಹುಡುಕಿಲ್ಲ ಅಂದ್ರ ಹುಡುಕಿಲ್ಲ ಅಂತಾನೇ ಬರೀರಿ.