ಕೀಳರಿಮೆ ಇಳಿಸಲು ನಾನು ಬಳಸಿದ ನೋಟ್‌ಬುಕ್

ಕನ್ನಡಿ ಮುಂದೆ ನಿಂತು ‘ನಾನು ಯಾರಿಗೂ ಕಡಿಮೆಯಿಲ್ಲ’ ಎಂದು ದಿನಾ ಹೇಳಿಕೊಳ್ಳುವುದನ್ನು ಮೊದಲು ಬಿಟ್ಟೆ. ಮನಸ್ಸು ಒಪ್ಪದ ಮಾತನ್ನು ಬಾಯಿ ಆಡಿದರೆ ಒಳಗಿನಿಂದ ‘ಸುಳ್ಳು’ ಎಂಬ ಉತ್ತರವೇ ಜೋರಾಗಿ ಬರುತ್ತದೆ. 2009ರಲ್ಲಿ ಮನಶ್ಶಾಸ್ತ್ರಜ್ಞೆ ಜೊಆನ್ ವುಡ್ ಮತ್ತು ಸಂಗಡಿಗರ ಪ್ರಯೋಗದಲ್ಲೂ, ತಮ್ಮನ್ನು ಮೊದಲೇ ಕೀಳೆಂದು ಭಾವಿಸಿದ್ದವರಿಗೆ ಇಂಥ ಜಪದಿಂದ ಮನಸ್ಸು ಇನ್ನಷ್ಟು ಕುಗ್ಗಿತ್ತು.

ಕೆಲಸಕ್ಕೆ ಬಂದದ್ದು ಬರೆಯುವುದು. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಕ್ರಮದಲ್ಲಿ ಇದರ ಬೇರಿದೆ. ಪುಟಕ್ಕೆ ನಾಲ್ಕು ಕಾಲಂ: ಏನಾಯಿತು, ಮನಸ್ಸಿಗೆ ಬಂದ ಮಾತು, ಅದನ್ನು ನೂರಕ್ಕೆ ಎಷ್ಟು ನಂಬುತ್ತೇನೆ, ಅದರ ಪರ ಮತ್ತು ವಿರುದ್ಧದ ಪುರಾವೆ. ಕೊನೆಗೆ ಇನ್ನೊಮ್ಮೆ ಅಂಕ. 90 ಇದ್ದದ್ದು 60ಕ್ಕೆ ಬಂದರೆ ಸಾಕು. ಸೊನ್ನೆಗೇ ಇಳಿಸುತ್ತೇನೆಂದು ಹಟ ಹಿಡಿದರೆ ಅದೂ ಒಂದು ಸೋಲಾಗಿ ಲೆಕ್ಕಕ್ಕೆ ಸೇರುತ್ತದೆ.

ಎಡವುವುದು ಹೆಚ್ಚಾಗಿ ಎರಡನೇ ಕಾಲಂನಲ್ಲಿ. ‘ಬೇಜಾರಾಯಿತು’ ಎಂದು ಬರೆದರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ‘ನನ್ನ ಮಾತು ಎಲ್ಲರಿಗೂ ಪೆದ್ದು ಅನ್ನಿಸಿತು’ ಎಂದರೆ ಪರೀಕ್ಷಿಸಬಹುದು. ಪುರಾವೆಯಲ್ಲೂ ಬಿಗಿ ಬೇಕು: ‘ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು’ ಎನ್ನುವುದು ಊಹೆ, ‘ಇಬ್ಬರು ಮರುಪ್ರಶ್ನೆ ಕೇಳಿದರು’ ಎನ್ನುವುದು ಪುರಾವೆ. ಅದೇ ದಿನ ಬರೆಯಬೇಕು. ರಾತ್ರಿ ಕಳೆದರೆ ನೆನಪು ಕೀಳರಿಮೆಯ ಪರವೇ ವಕಾಲತ್ತು ವಹಿಸುತ್ತದೆ.

ನೋಟ್‌ಬುಕ್ಕಿನ ಹಿಂಬದಿಯಿಂದ ದಿನಕ್ಕೆ ಮೂರು ಸಾಲು: ಇವತ್ತು ಮಾಡಿದ್ದು. ಗುಣದ ಮಾತಲ್ಲ, ಕ್ರಿಯಾಪದವಿರುವ ವಾಕ್ಯ. ‘ಪ್ರಾಮಾಣಿಕ’ ಅಲ್ಲ, ‘ಲೆಕ್ಕದ ತಪ್ಪನ್ನು ನಾನೇ ತೋರಿಸಿ ತಿದ್ದಿದೆ’. ‘ಆದರೆ’, ‘ಅದೇನು ಮಹಾ’ ನಿಷಿದ್ಧ. ಬರೆದದ್ದನ್ನು ಅಳಿಸುವುದು ಆ ಎರಡೇ.

ಇಷ್ಟಕ್ಕೇ ನಿಂತರೆ ಅರ್ಧ ಕೆಲಸ. ವಾರಕ್ಕೊಂದು ಪ್ರಯೋಗ ಬೇಕು. ‘ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ’ ಎಂಬ ಭಯವಿದ್ದರೆ, ಏನಾಗಬಹುದೆಂದು ಮೊದಲೇ ಬರೆದಿಟ್ಟು, ಒಮ್ಮೆ ‘ಗೊತ್ತಿಲ್ಲ’ ಎಂದುಬಿಡುವುದು. ಆಮೇಲೆ ಆದದ್ದನ್ನು ಪಕ್ಕದಲ್ಲೇ ಬರೆಯುವುದು. ಇಲ್ಲಿ ಒಂದು ಮೋಸವಿದೆ: ಮುಂಚೆಯೇ ಕ್ಷಮೆ ಕೇಳುವುದು, ಹತ್ತು ಸಲ ತಾಲೀಮು ಮಾಡುವುದು ಮುಂತಾದ ಊರುಗೋಲು ಹಿಡಿದೇ ಹೋದರೆ, ಗೆದ್ದ ಕೀರ್ತಿ ಊರುಗೋಲಿಗೇ ಹೋಗುತ್ತದೆ. ಒಂದೊಂದಾಗಿ ಬಿಡಿಸಬೇಕು.

ಅಳತೆಗೆ, ಆತ್ಮಗೌರವ ಎಷ್ಟಿದೆ ಎಂದು ನೋಡುವ 1965ರ ರೋಸೆನ್‌ಬರ್ಗ್ ಪ್ರಶ್ನಾವಳಿ ಸಾಕು: 10 ಹೇಳಿಕೆ, ತಲಾ 0ರಿಂದ 3, ಒಟ್ಟು 30. ತನ್ನನ್ನು ಹಳಿದುಕೊಳ್ಳುವ ಐದು ಹೇಳಿಕೆಗಳಿಗೆ ಅಂಕ ತಿರುವುಮುರುವು: ಒಪ್ಪಿದಷ್ಟೂ ಕಡಿಮೆ. ಮರೆತರೆ ಮೊತ್ತಕ್ಕೆ ಅರ್ಥವಿಲ್ಲ. ತಿಂಗಳಿಗೊಮ್ಮೆ ಮಾತ್ರ ತುಂಬಿದೆ. ದಿನಾ ತುಂಬಿದರೆ ಆ ದಿನದ ಮೂಡಿನ ಅಳತೆ ಸಿಗುತ್ತದೆ, ಅಷ್ಟೇ. ಎರಡು ವಾರ ನಿದ್ದೆ, ಹಸಿವು ಕೆಟ್ಟಿದ್ದರೆ ಅಥವಾ ಸಾವಿನ ಯೋಚನೆ ಸುಳಿದರೆ ನೋಟ್‌ಬುಕ್ ಪಕ್ಕಕ್ಕಿಟ್ಟು ಮೊದಲು ವೈದ್ಯರ ಬಳಿ.